ಆರನೆಯ ನಾಬ್

ಮಾರ್ಚ್ 3, ಸೋಮವಾರ

ಮೂವತ್ತೊಂದು ವರ್ಷ ಹೋಟೆಲ್ ಮ್ಯಾನೇಜರಾಗಿ ದುಡಿದವನಿಗೆ ಮಗಳು ತಂದುಕೊಟ್ಟ ಪಿಂಚಣಿ ನಾಲ್ಕು ಮೀನು. ಒಂದೂ ಬೆರಳುದ್ದ ಇಲ್ಲ. ಹುರಿಯಲು ಎಣ್ಣೆ ದಂಡ.

ನಿನ್ನೆ ಕಾಮೋಠೆಯಿಂದ ಸೌಜನ್ಯ ಮತ್ತು ಅಳಿಯ ಮಯೂರ್ ಬಂದರು. ಕಾರಿನ ಹಿಂದಿನ ಸೀಟಿನಲ್ಲಿ ಎರಡೂವರೆ ಅಡಿಯ ಗಾಜಿನ ತೊಟ್ಟಿ, ಒಂದು ಚೀಲ ಕಪ್ಪು ಮರಳು, ಪುಟ್ಟ ಗಾಳಿ ಪಂಪ್, ನೀರಿನಲ್ಲಿ ಬೆಳೆಯುವ ಗಿಡಗಳು. "ಪಪ್ಪ, ಮೀನು ನೋಡ್ತಾ ಕೂತ್ರೆ ಬಿ.ಪಿ. ಇಳೀತದಂತೆ" ಎಂದಳು. ನಮ್ಮ ಉಡುಪಿ ಕಡೆ ಮೀನು ನೋಡಿದರೆ ಹಸಿವು ಏರುತ್ತದೆ, ಬಿ.ಪಿ. ಇಳಿದದ್ದನ್ನು ನಾನು ಕೇಳಿಲ್ಲ. ಹಾಗೆಂದೇ ಹೇಳಿದೆ. ಅಳಿಯ "ಟೆನ್ಶನ್ ಮತ್ ಲೋ ಪಪ್ಪಾ" ಎಂದ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಡೊಂಬಿವಲಿಯಲ್ಲಿ ಹುಟ್ಟಿದ ಎಲ್ಲರ ಕಥೆಯೂ ಇಷ್ಟೇ.

ಬಿ.ಪಿ. ಏರಿದ್ದು ಜನವರಿಯಲ್ಲಿ. ಕಲ್ಯಾಣ ಸ್ಟೇಷನ್ನಿನ ಎದುರಿದ್ದ ನಮ್ಮ ಹೋಟೆಲನ್ನು ಧಣಿಗಳ ಮಕ್ಕಳು ಮೊಬೈಲ್ ಅಂಗಡಿಯವರಿಗೆ ಮಾರಿಬಿಟ್ಟರು. ನನಗೆ ಒಂದು ಶಾಲು ಹೊದಿಸಿ, ಹೊಸ ವರ್ಷಕ್ಕೆಂದು ಮೊದಲೇ ಅಚ್ಚು ಹಾಕಿಸಿದ್ದ ಈ ಡೈರಿ ಕೊಟ್ಟು ಕಳಿಸಿದರು. ಹೋಟೆಲಿಲ್ಲ, ಹೋಟೆಲಿನ ಹೆಸರಿನ ಡೈರಿ ಇದೆ. ಖಾಲಿ ಬಿಡುವುದೇಕೆಂದು ಬರೆಯುತ್ತಿದ್ದೇನೆ.

ಈ ಮನೆಯಲ್ಲಿ ಈಗ ನನ್ನ ಮಾತು ಕೇಳುವುದು ಐದು ನಾಬ್‌ಗಳು ಮಾತ್ರ. ಹೋಟೆಲಿನಲ್ಲಿ ಶಟರ್ ಎಳೆಯುವ ಮುಂಚೆ ಹನ್ನೊಂದು ನಾಬ್ ಬಂದ್ ಮಾಡಿ ಜೋರಾಗಿ ಎಣಿಸುತ್ತಿದ್ದೆ. ಮನೆಯಲ್ಲಿ ಸಿಲಿಂಡರಿನದು ಒಂದು, ಒಲೆಯವು ಎರಡು, ಅಡುಗೆಮನೆಯ ನಲ್ಲಿ, ಬಚ್ಚಲಿನ ನಲ್ಲಿ. ಒಟ್ಟು ಐದು. ಎಣಿಸದೆ ಬೀಗ ಹಾಕುವುದಿಲ್ಲ. ಹೆಂಡತಿ ಜಯಲತಾ ನಗುತ್ತಾಳೆ. ನಗಲಿ. ಮೂವತ್ತೊಂದು ವರ್ಷದಲ್ಲಿ ನನ್ನ ಕೈ ಒಂದು ದಿನವೂ ತಪ್ಪಿಲ್ಲ.

ಮಾರ್ಚ್ 14, ಶುಕ್ರವಾರ

ಗಿಡಗಳು ಹಳದಿಯಾಗಿವೆ. ಎಲೆ ಕೊಳೆತು ನೀರಿನಲ್ಲಿ ತೇಲುತ್ತಿದೆ. ಮೀನುಗಳು ಆ ಕಸದ ನಡುವೆ ಏನೂ ಆಗದವರಂತೆ ತಿರುಗುತ್ತಿವೆ. ಮುನಿಸಿಪಾಲಿಟಿಯಲ್ಲಿ ಕೆಲಸ ಸಿಗಬಹುದು ಇವುಗಳಿಗೆ.

ಬೆಳಿಗ್ಗೆ ಬಣ್ಣದಾಟದಲ್ಲಿ ಮುಖವೆಲ್ಲ ಗುಲಾಬಿ ಮಾಡಿಕೊಂಡು ಮೂರನೇ ಮಹಡಿಯ ವಿರುಪಾಕ್ಷಪ್ಪ ಬಂದ. ಬಾಗಲಕೋಟೆ ಕಡೆಯವನು. ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡಿದ್ದು ರಿಟೈರಾದವನು. ನಮ್ಮ ಬಿಲ್ಡಿಂಗಿನ ಸೊಸೈಟಿಯ ಪಂಪ್ ರೂಮಿನ ಚಾವಿ ನಾಲ್ಕು ವರ್ಷದಿಂದ ಅವನ ಸೊಂಟದಲ್ಲೇ ಇದೆ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಎಲ್ಲರ ನಲ್ಲಿಗೆ ನೀರು ಬಿಡುತ್ತಾನೆ, ಆಮೇಲೆ ದಿನವಿಡೀ ಗಂಗೆಯನ್ನು ತಾನೇ ಭೂಮಿಗೆ ಇಳಿಸಿದವನ ಠೀವಿಯಲ್ಲಿ ಓಡಾಡುತ್ತಾನೆ. ಈ ಡೈರಿಯಲ್ಲಿ ಅವನ ಹೆಸರು 'ಬಾಯ್ಲರ್'.

ಬಾಯ್ಲರ್ ತೊಟ್ಟಿಗೆ ಮೂಗು ತಾಗಿಸಿ ನೋಡಿ ರೋಗ ಹೇಳಿದ. "ಮ್ಯಾನೇಜರ್ ಸಾಹೇಬ್ರ, ಗಿಡಕ್ಕ ಗ್ಯಾಸ್ ಸಾಲವಲ್ದು."

"ಎಂತ ಗ್ಯಾಸ್ ಮಾರಾಯ್ರೆ? ಮೀನಿನ ತೊಟ್ಟಿಗೂ ಸಿಲಿಂಡರ್ ಬುಕ್ ಮಾಡ್ಬೇಕಾ?"

"ನಾವು ಹೊರಗ ಬಿಡೂ ಉಸಿರಿನ್ಯಾಗ ಇರ್ತದಲ್ರಿ, ಕಾರ್ಬನ್ ಡೈಆಕ್ಸೈಡು, ಅದು. ಗಿಡ ಅದನ್ನ ಉಂಡ ಬೆಳೀತಾವ. ಅದರ ಸಿಲಿಂಡರ್ ಅಂಗಡ್ಯಾಗ ಸಿಗ್ತದ, ಆದ್ರ ಭಾಳ ತುಟ್ಟಿ. ಸಕ್ರಿ, ಈಸ್ಟು, ನೀರು, ಒಂದು ಬಾಟ್ಲಿ. ಮನ್ಯಾಗ ಮಾಡೂಣು ಬಿಡ್ರಿ."

ಅಂದರೆ ಹುಳಿ ಬರಿಸುವುದು. ದಿನಕ್ಕೆ ನಲವತ್ತು ಕಿಲೋ ದೋಸೆ ಹಿಟ್ಟು ಹುಳಿ ಬರಿಸಿದವನಿಗೆ ಬಾಗಲಕೋಟೆಯ ಬಾಯ್ಲರ್ ಹುಳಿ ಬರಿಸಲು ಕಲಿಸುತ್ತಾನಂತೆ. ಆಗಲಿ ಎಂದೆ. ಹೇಗೂ ನನಗೆ ಬೇರೆ ಕೆಲಸವಿಲ್ಲ.

ಮಾರ್ಚ್ 16, ಭಾನುವಾರ

ಬಾಯ್ಲರ್ ಕೈಯಲ್ಲಿ ಡ್ರಿಲ್ ಮೆಷಿನ್, ಕಿವಿಯ ಮೇಲೆ ಪೆನ್ಸಿಲ್. ತೊಟ್ಟಿಯ ಗಿಡಕ್ಕೆ ಅಲ್ಲ, ರೈಲ್ವೆ ಎಂಜಿನ್ನಿಗೆ ಉಗಿ ಕೊಡಲು ಹೊರಟವನ ಸಡಗರ.

ನಾನು ಮಿನರಲ್ ವಾಟರ್ ಬಾಟಲಿ ಕೊಟ್ಟೆ. ಬೇಡ ಎಂದ. ಅದು ತೆಳು, ಒತ್ತಡ ತಡೆಯುವುದಿಲ್ಲವಂತೆ. ತನ್ನ ಮನೆಯಿಂದ ಎರಡು ಲೀಟರಿನ ಸೋಡಾ ಬಾಟಲಿ ತಂದ. ಮುಚ್ಚಳಕ್ಕೆ ತೂತು ಕೊರೆದು, ತೆಳು ನಳಿಕೆ ತೂರಿಸಿ, ಎರಡು ಸಲ ಅಂಟು ಬಳಿದು ನಿನ್ನೆಯೇ ಒಣಗಲು ಇಟ್ಟಿದ್ದನಂತೆ. ಇಂದು ಬಕೆಟ್ ನೀರಿನಲ್ಲಿ ಮುಳುಗಿಸಿ ಊದಿದ. ಒಂದು ಗುಳ್ಳೆಯೂ ಬರಲಿಲ್ಲ. "ನೋಡ್ರಿ" ಎಂದು ನನಗೂ ಜಯಲತಾಗೂ ತೋರಿಸಿದ. ಮೊಮ್ಮಗನ ಅಂಕಪಟ್ಟಿ ತೋರಿಸುವಾಗಲೂ ಅವನ ಮುಖ ಅಷ್ಟು ಅರಳುವುದಿಲ್ಲ.

ನಡುವೆ ಒಂದು ಚಿಕ್ಕ ಬಾಟಲಿಯಲ್ಲಿ ಬರೀ ನೀರು. ಗ್ಯಾಸ್ ಅದರಲ್ಲಿ ತೊಳೆದು ಹೋಗುತ್ತದೆ, ಸಕ್ಕರೆ ರಾಡಿ ಮೀನಿನವರೆಗೆ ತಲುಪುವುದಿಲ್ಲ. ಆಮೇಲೆ ಒಂದು ಚೆಕ್ ವಾಲ್ವ್, ತೊಟ್ಟಿಯ ನೀರು ನಳಿಕೆ ಹಿಡಿದು ಹಿಂದಕ್ಕೆ ಹರಿಯದಿರಲಿ ಎಂದು. ದೊಡ್ಡ ಬಾಟಲಿಯಲ್ಲಿ ಎರಡು ಲೋಟ ಸಕ್ಕರೆ, ಕಾಲು ಚಮಚ ಈಸ್ಟು, ಮುಕ್ಕಾಲು ಮಟ್ಟದ ತನಕ ಉಗುರುಬೆಚ್ಚಗಿನ ನೀರು. ಕಾಲು ಚಮಚ ಸಾಲುವುದಿಲ್ಲ ಎಂದೆ. ಗದರಿಸಿದ. ಬೇಸಗೆಯಲ್ಲಿ ಈಸ್ಟು ತಾನಾಗಿಯೇ ಕುಣಿಯುತ್ತದಂತೆ.

ಹೊರಡುವಾಗ ಬಾಗಿಲಲ್ಲಿ ನಿಂತು ಬೆರಳೆತ್ತಿ ಹೇಳಿದ. "ಎರಡ ಮಾತು ನೆನಪಿಡ್ರಿ. ಒಂದು, ಈ ಬಾಟ್ಲಿ ಬಾಯಿ ಎಂದೂ ಮುಚ್ಚಬ್ಯಾಡ್ರಿ. ಅಡಗಿ ಸಿಲಿಂಡರ್ ಬಂದ್ ಮಾಡಿದ್ರ ಗ್ಯಾಸ್ ಒಳಗ ಸುಮ್ನ ಕೂಡ್ತದ. ಈಸ್ಟು ಹಂಗಲ್ಲ. ನೀವು ಬಂದ್ ಮಾಡಿದ್ರೂ ಅದು ಗ್ಯಾಸ್ ಮಾಡ್ಕೋತನ ಇರ್ತದ. ಎರಡು, ಮೀನು ಮ್ಯಾಲೆ ಬಂದು ಬಾಯಿ ಬಾಯಿ ಬಿಟ್ರ ಗ್ಯಾಸ್ ಹೆಚ್ಚಾತು ಅಂತ ತಿಳ್ಕೊಂಡು ಗಾಳಿ ಪಂಪ್ ಹಚ್ರಿ."

ನಾನೇನು ಎಲ್.ಕೆ.ಜಿ. ಮಗುವೇ?

ಮಾರ್ಚ್ 18, ಮಂಗಳವಾರ

ಗುಳ್ಳೆ ಬರುತ್ತಿದೆ. ಸರಿ. ಆದರೆ ನಾಬ್ ಇಲ್ಲದ ಗ್ಯಾಸ್ ಲೈನ್ ಎಲ್ಲಾದರೂ ಉಂಟೇ? ನೋಡಲಿಕ್ಕೇ ಚೆನ್ನಾಗಿಲ್ಲ. ನಳಿಕೆಯ ಪ್ಯಾಕೆಟ್ಟಿನಲ್ಲಿ ಒಂದು ಹಸಿರು ಪ್ಲಾಸ್ಟಿಕ್ ನಾಬ್ ಬಂದಿತ್ತು. ಬಾಯ್ಲರ್ ಅದನ್ನು ಬದಿಗಿಟ್ಟಿದ್ದ. ಇಂದು ನಳಿಕೆ ಕತ್ತರಿಸಿ, ದೊಡ್ಡ ಬಾಟಲಿಯ ಹತ್ತಿರ ಅದನ್ನು ನಾನೇ ಸೇರಿಸಿದೆ. ಮುಚ್ಚಲಿಕ್ಕಲ್ಲ, ಇರಲಿ ಎಂದು. ಅವನಿಗೆ ಹೇಳುವ ಅಗತ್ಯವಿಲ್ಲ.

ಮಾರ್ಚ್ 25, ಮಂಗಳವಾರ

ಗಿಡಗಳು ಹಸಿರಾಗಿವೆ. ಮಧ್ಯಾಹ್ನ ಬಿಸಿಲು ಬಿದ್ದಾಗ ಒಂದೊಂದು ಎಲೆಯ ತುದಿಯಲ್ಲೂ ಸಾಸಿವೆಯಷ್ಟು ಗುಳ್ಳೆ ಕೂರುತ್ತದೆ. ಜಯಲತಾ ಸೀರಿಯಲ್ ಬಿಟ್ಟು ಅದನ್ನು ನೋಡುತ್ತಾಳೆ. ನಾನು ಪೇಪರ್ ಓದುತ್ತೇನೆ, ಆಗಾಗ ಕಣ್ಣು ಅತ್ತ ಹೋಗುತ್ತದೆ ಅಷ್ಟೇ.

ಮೊನ್ನೆ ಬೆಳಿಗ್ಗೆ ನಾಲ್ಕೂ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಗಾಳಿ ಪಂಪ್ ಹಚ್ಚಿದೆ. ಅರ್ಧ ಗಂಟೆಯಲ್ಲಿ ಕೆಳಗೆ ಹೋದವು. ಬಾಲ ಹರಿದ ಮೀನೊಂದಿದೆ, ಅದು ಮಾತ್ರ ತಡವಾಗಿ ಹೋಯಿತು. ಕತ್ತಲಾದ ಮೇಲೆ ಗಿಡಗಳೂ ಗ್ಯಾಸ್ ಬಿಡುತ್ತವಂತೆ, ಲೈಟ್ ಆರಿಸಿದ ಕೂಡಲೇ ಗಾಳಿ ಪಂಪ್ ಹಚ್ಚಬೇಕಂತೆ. ಬಾಯ್ಲರ್ ಇದನ್ನೂ ಹೇಳಿದ್ದ ಎಂದು ಜಯಲತಾ ಅಂದಳು. ಹೇಳಿರಬಹುದು, ಅವನು ಹೇಳದೇ ಇರುವುದು ಯಾವುದಿದೆ.

ಸಂಜೆ ನಾಲ್ಕಕ್ಕೆ ಅವನ ಮನೆಯಲ್ಲಿ ಚಹಾ. ಹತ್ತು ದಿನದಿಂದ ಇದೊಂದು ರೂಢಿಯಾಗಿದೆ. ಅವನ ಹೆಂಡತಿ ಕಾಶವ್ವ ಮಾಡುವ ಚಹಾದಲ್ಲಿ ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ. ನನ್ನ ಹೋಟೆಲಿನಲ್ಲಿ ಇಂಥ ಚಹಾ ಮಾಡಿದವನನ್ನು ಅಂದೇ ಊರಿಗೆ ಕಳಿಸುತ್ತಿದ್ದೆ. ಎರಡು ಲೋಟ ಕುಡಿದೆ.

ಏಪ್ರಿಲ್ 5, ಶನಿವಾರ

ಕಾಮೋಠೆಗೆ ಬಂದಿದ್ದೇವೆ, ಸೌಜನ್ಯಾಳ ಮನೆಗೆ. ಎರಡು ದಿನ. ನಿನ್ನೆಯಷ್ಟೇ ಬಾಟಲಿಗೆ ಹೊಸ ಸಕ್ಕರೆ, ಹೊಸ ಈಸ್ಟು ಹಾಕಿದ್ದೆ. ಗುಳ್ಳೆ ಜೋರಾಗಿ ಬರುತ್ತಿತ್ತು.

ಹೊರಡುವಾಗ ಜಯಲತಾ ಲಿಫ್ಟಿನ ಬಾಗಿಲು ಹಿಡಿದು ಬೊಬ್ಬೆ. ಹೆಂಗಸರಿಗೆ ಯಾವಾಗಲೂ ಅವಸರ. ನಾನು ಅವಸರ ಮಾಡುವವನಲ್ಲ. ಎಲ್ಲ ಬಂದ್ ಮಾಡಿ, ಆರು ಎಣಿಸಿ, ಬೀಗ ಹಾಕಿ, ಚಾವಿ ವಿರುಪಾಕ್ಷಪ್ಪನಿಗೆ ಕೊಟ್ಟು ಬಂದೆ. ಮೀನಿಗೆ ಹಿಟ್ಟು ಹಾಕಲು ಒಬ್ಬ ಬೇಕಲ್ಲ.

ಮಯೂರ್ ಪನ್ವೇಲಿನಿಂದ ಬಂಗುಡೆ ತಂದಿದ್ದ. ತಟ್ಟೆಯಲ್ಲಿ ನೋಡಿದಾಗ ಒಂದು ಕ್ಷಣ ಏನೋ ಆಯಿತು. ತಿಂದೆ.

ಏಪ್ರಿಲ್ 6, ಭಾನುವಾರ

ನನ್ನ ಮಾನ ಹರಾಜಾಯಿತು.

ಬೆಳಿಗ್ಗೆ ಒಂಬತ್ತಕ್ಕೆ ವಿರುಪಾಕ್ಷಪ್ಪನ ಫೋನ್. "ಗಾಬರಿ ಆಗಬ್ಯಾಡ್ರಿ, ಬಾಟ್ಲಿ ಹಾರೇದ. ಮೀನು ಆರಾಮ ಅದಾವ." ಮಯೂರ್ ಕಾರು ಓಡಿಸಿದ. ಮನೆ ತಲುಪುವಾಗ ನನ್ನ ಬಾಗಿಲ ಮುಂದೆ ಅರ್ಧ ಬಿಲ್ಡಿಂಗ್ ನಿಂತಿತ್ತು. ಮುಚ್ಚಳದ ಅಂಟು ಕಿತ್ತು, ನಳಿಕೆ ಹಾರಿ, ಸಕ್ಕರೆ ರಾಡಿ ಛಾವಣಿಗೆಲ್ಲ ಚಿಮ್ಮಿದೆ. ಬಾಟಲಿ ಗೋಡೆಗೆ ಬಡಿದು, ಹೋಟೆಲಿನ ಉದ್ಘಾಟನೆಯ ಫೋಟೋದ ಗಾಜು ಚೂರು. ಇಡೀ ಮಹಡಿ ಕಳ್ಳಿನ ಅಂಗಡಿಯ ವಾಸನೆ.

ಸೊಸೈಟಿಯ ಸೆಕ್ರೆಟರಿ ಸ್ವಪ್ನಿಲ್, ನಿನ್ನೆ ಮೊನ್ನೆಯ ಹುಡುಗ, ಎಲ್ಲರೆದುರು ಕೇಳಿದ: "ಕಾಕಾ, ಘರಾತ್ ದಾರೂ ಬನವತಾ ಕಾ?"

ಮನೆಯಲ್ಲಿ ಸಾರಾಯಿ ಮಾಡುತ್ತೀರಾ ಎಂದು! ಶುದ್ಧ ಸಸ್ಯಾಹಾರಿ ಹೋಟೆಲಿನ ಮ್ಯಾನೇಜರನಿಗೆ!

ನಾನು ಬರುವಷ್ಟರಲ್ಲಿ ವಿರುಪಾಕ್ಷಪ್ಪ ನೆಲ ಒರೆಸಿ, ಗಾಜು ಗುಡಿಸಿ, ಹಾಳಾದ ಬಾಟಲಿ ನಳಿಕೆ ಎಲ್ಲ ತೆಗೆದುಬಿಟ್ಟಿದ್ದ. ಚೆಕ್ ವಾಲ್ವ್ ಇದ್ದದ್ದರಿಂದ ತೊಟ್ಟಿಯ ನೀರು ಹೊರಗೆ ಹರಿಯಲಿಲ್ಲವಂತೆ. ನನ್ನನ್ನು ಒಂದು ಸಲ ದಿಟ್ಟಿಸಿದ. "ಹೊರಡೂಮುಂದ ಬಾಟ್ಲಿ ಏನರ ಮುಟ್ಟಿದ್ರೇನು?" ಎಂದ.

"ನಾನ್ಯಾಕೆ ಮುಟ್ಟಲಿ? ನಿಮ್ಮ ಅಂಟು ಕಿತ್ತದ್ದು ಮಾರಾಯ್ರೆ" ಎಂದೆ.

ಅವನು ನೆಲ ಒರೆಸಿದ ಬಟ್ಟೆ ಹಿಂಡಲು ಬಚ್ಚಲಿಗೆ ಹೋದ. ನಾಬಿನ ವಿಷಯ ಕೇಳಲಿಲ್ಲ, ಹಾಗಾದರೆ ಕಸದ ಜೊತೆ ಹೋಗಿರಬೇಕು. ಹೇಗೂ ಅದು ತೆರೆದೇ ಇತ್ತು.

ಏಪ್ರಿಲ್ 13, ಭಾನುವಾರ

ಇಂದು ಸೊಸೈಟಿ ಮೀಟಿಂಗ್, ತಳಮಹಡಿಯ ಪಾರ್ಕಿಂಗಿನಲ್ಲಿ. ವಾರದಿಂದ ಲಿಫ್ಟಿನಲ್ಲಿ ಎಲ್ಲರೂ ನನ್ನ ಬಾಯಿ ಮೂಸುವ ಹಾಗೆ ನಿಲ್ಲುತ್ತಿದ್ದರು. ಇಂದು ತೀರಿಸಿದೆ.

ನನ್ನ ಹಿಂದಿ ಮಂಗಳೂರಿನದಾದರೂ ಗಂಟಲು ಹೋಟೆಲಿನದು. ನಾನು ಒಲೆ ನೋಡಿಕೊಂಡವನು, ಬಾಯ್ಲರ್ ನೋಡಿಕೊಂಡವನಲ್ಲ ಎಂದೆ. ಮುಚ್ಚಳದ ಜಾಯಿಂಟ್ ಕಟ್ಟಿದವರು ಇಲ್ಲೇ ಕೂತಿದ್ದಾರೆ ಎಂದೆ. ಇಂಥ ಜಾಯಿಂಟ್ ಕಟ್ಟುವವರ ಕೈಯಲ್ಲಿ ಎಪ್ಪತ್ತು ಮನೆಗಳ ಪಂಪ್ ರೂಮ್ ಇದೆಯಲ್ಲ, ನಾಳೆ ಅದೂ ಹಾರಿದರೆ ಎಂದೆ. ಮೂವತ್ತೊಂದು ವರ್ಷ, ಹನ್ನೊಂದು ನಾಬ್, ಒಂದೇ ಒಂದು ಅಪಘಾತ ಇಲ್ಲ ಎಂದೆ. ಎರಡು ಸಲ ಹೇಳಿದೆ.

ಎಲ್ಲರೂ ಅವನತ್ತ ತಿರುಗಿದರು. ಅವನು ಎದ್ದ. ಕೈ ಅಂಗಿಯ ಜೇಬಿಗೆ ಹೋಯಿತು, ಬೀಡಿ ಹುಡುಕಿದನೇನೋ, ಖಾಲಿ ಕೈ ಹೊರಗೆ ಬಂತು. "ಕಟ್ಟಿದವ ನಾ. ಜವಾಬ್ದಾರಿ ನಂದು" ಎಂದ, ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ. ಸೊಂಟದಿಂದ ಚಾವಿ ಬಿಚ್ಚಿ ಮೇಜಿನ ಮೇಲಿಟ್ಟು ಹೋದ.

ಸ್ವಪ್ನಿಲ್ ಆ ಚಾವಿ ನನ್ನ ಕೈಗೆ ಕೊಟ್ಟ. "ಕಾಕಾ, ತುಮ್ಹೀಚ ಸಾಂಭಾಳಾ." ನೀವೇ ನೋಡಿಕೊಳ್ಳಿ ಎಂದು.

ಜನವರಿಯ ನಂತರ ನನ್ನ ಸೊಂಟದಲ್ಲಿ ಮೊದಲ ಸಲ ಒಂದು ಚಾವಿ. ಕನ್ನಡಿಯಲ್ಲಿ ನೋಡಿಕೊಂಡೆ. ಸುಳ್ಳೇಕೆ, ಖುಷಿಯಾಯಿತು.

ಏಪ್ರಿಲ್ 22, ಮಂಗಳವಾರ

ಪಂಪ್ ಒಂದು ದರಿದ್ರ ಮೆಷಿನ್. ಮೊದಲ ದಿನ ಟೆರೇಸಿನ ಟಾಂಕಿ ತುಂಬಿ ಹೊರಚೆಲ್ಲಿತು, ನೀರು ಮೆಟ್ಟಿಲು ಇಳಿದು ಗೇಟಿನ ತನಕ ಬಂತು. ಮೂರನೆಯ ದಿನ ಪಂಪಿಗೆ ಗಾಳಿ ಹಿಡಿಯಿತು, ಎಂಟೂವರೆಗೆ ನೀರು. ಆಫೀಸಿಗೆ ಹೋಗುವವರು ಬಕೆಟ್ ಹಿಡಿದು ನನ್ನ ಬಾಗಿಲಿಗೆ ಬಂದರು. ಇಂದು ಏಳಕ್ಕೆ ಬಂತು. ಏಳು ಗಂಟೆಗೆ ಬಂದರೆ ಆಗುವುದಿಲ್ಲವೇ, ಇವರೆಲ್ಲ ಏನು ಹಡಗು ಹಿಡಿಯಬೇಕೇ?

ಆ ಮನುಷ್ಯ ದಿನಾ ಐದಕ್ಕೆ ಎದ್ದು ಒಬ್ಬನೇ ಏನು ಮಾಡುತ್ತಿದ್ದನೋ. ಪಂಪಿನ ಪಕ್ಕದ ಗೋಡೆಯಲ್ಲಿ ಸೀಮೆಸುಣ್ಣದಲ್ಲಿ ಬರೆದ ಸಣ್ಣ ಸಣ್ಣ ಗುರುತುಗಳಿವೆ. ನನಗೆ ಅರ್ಥವಾಗಲಿಲ್ಲ. ಕೇಳುವ ಹಾಗಿಲ್ಲ.

ಮೆಟ್ಟಿಲಲ್ಲಿ ಎದುರಾದರೆ "ಆರಾಮರಿ?" ಎನ್ನುತ್ತಾನೆ, ಹೋಗುತ್ತಾನೆ. ಸಂಜೆ ನಾಲ್ಕಕ್ಕೆ ಜಯಲತಾ ಚಹಾ ಕೊಟ್ಟಳು. ಸಕ್ಕರೆ ಸಾಲಲಿಲ್ಲ.

ಗ್ಯಾಸ್ ಇಲ್ಲದೆ ಗಿಡಗಳು ಮತ್ತೆ ಹಳದಿ. ಬಾಲ ಹರಿದದ್ದು ಒಂದು ಮೂಲೆಯಲ್ಲೇ ನಿಂತಿರುತ್ತದೆ.

ಏಪ್ರಿಲ್ 27, ಭಾನುವಾರ

ಕಲ್ಯಾಣದಲ್ಲಿ ಜಯಲತಾಳ ಅಕ್ಕ ವಿಮಲಾ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೊರಡುವಾಗ ಎಂದಿನಂತೆ ಎಣಿಸಿದೆ. ಐದು. ಬೀಗ ಹಾಕಿದೆ.

ಲಿಫ್ಟಿನ ಬಾಗಿಲು ಹಿಡಿದ ಜಯಲತಾ, "ಇವತ್ತು ಬೇಗ ಆಯ್ತಲ್ಲ? ಕಾಮೋಠೆಗೆ ಹೋಗುವಾಗ ಆರು ಅಂತ ಬೊಬ್ಬೆ ಹಾಕಿದ್ರಿ, ನಾನಿಲ್ಲಿ ಕಾಲು ನೋಯಿಸಿಕೊಂಡು ಕೇಳ್ತಾ ಇದ್ದೆ" ಎಂದಳು.

"ನಮ್ಮ ಮನೆಯಲ್ಲಿ ಆರು ಎಲ್ಲಿ ಉಂಟು ಮಾರಾಯ್ತಿ?"

"ನನಗೆ ಗೊತ್ತುಂಟಾ? ಎಣಿಸಿದ್ದು ನೀವು."

ರಿಕ್ಷಾದಲ್ಲಿ, ಪೂಜೆಯಲ್ಲಿ, ಪ್ರಸಾದ ತಿನ್ನುವಾಗ ಎಣಿಸುತ್ತಲೇ ಇದ್ದೆ. ಸಿಲಿಂಡರ್ ಒಂದು, ಒಲೆ ಎರಡು, ನಲ್ಲಿ ಎರಡು. ಐದೇ. ಭಟ್ಟರು ಕಥೆ ಹೇಳುವಾಗ ನನ್ನ ಬೆರಳು ಮಡಚುತ್ತಿದ್ದುದನ್ನು ನೋಡಿ, ಜಪ ಮಾಡುತ್ತಿದ್ದೇನೆಂದು ವಿಮಲಕ್ಕ ಮೆಚ್ಚಿಕೊಂಡರು.

ಮನೆಗೆ ಬಂದು ಈ ಡೈರಿ ತೆರೆದೆ. ಏಪ್ರಿಲ್ 5. ನನ್ನದೇ ಅಕ್ಷರ. 'ಎಲ್ಲ ಬಂದ್ ಮಾಡಿ, ಆರು ಎಣಿಸಿ.'

ಏಪ್ರಿಲ್ 28, ಸೋಮವಾರ

ಏನೂ ಬರೆಯುವುದಿಲ್ಲ.

ಏಪ್ರಿಲ್ 30, ಬುಧವಾರ

ಬರೆಯುವಾಗ ಕೈ ತಪ್ಪಿ ಆರು ಎಂದು ಬಂದಿರಬಹುದು. ಜಯಲತಾಳ ಕಿವಿಯೂ ಅದೇ ದಿನ ತಪ್ಪಿರಬಹುದು. ಅಂಟೂ ಕೆಟ್ಟದ್ದಿರಬಹುದು. ಬಕೆಟ್ಟಿನಲ್ಲಿ ಒಂದು ಗುಳ್ಳೆಯೂ ಬರಲಿಲ್ಲ ಎಂದು ಬರೆದವನೂ ನಾನೇ, ಅದನ್ನೂ ಓದಿದೆ.

ಆ ಏಪ್ರಿಲ್ 5ರ ಹಾಳೆ ಹರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಧಣಿಗಳು ಪ್ರತಿ ಹಾಳೆಗೂ ಒಂದೊಂದು ತಾರೀಕು ಅಚ್ಚು ಹಾಕಿಸಿದ್ದಾರೆ, 4 ಆದಮೇಲೆ 6 ಬರುತ್ತದೆ. ಬಂದರೆ ಬರಲಿ, ಇದನ್ನು ಓದುವವರು ಯಾರು? ಸ್ಕೇಲ್ ಇಟ್ಟು ಹರಿಯಲು ಕುಳಿತೆ. ಆಗಲಿಲ್ಲ.

ಹೋಟೆಲಿನಲ್ಲಿ ಸಾಂಬಾರು ಸೀದರೆ ಭಟ್ಟನಿಗೆ ಬೈದೆ, ಲೋಟ ಒಡೆದರೆ ಕ್ಲೀನರನಿಗೆ ಬೈದೆ. ಎಷ್ಟು ಜನ ಆ ಬೈಗುಳ ಹೊಟ್ಟೆಗೆ ಹಾಕಿಕೊಂಡು ಸುಮ್ಮನೆ ಹೋದರೋ. ಆಗ ನಾನು ಡೈರಿ ಬರೆಯುತ್ತಿರಲಿಲ್ಲ.

ಚಾವಿ ಸೊಂಟಕ್ಕೆ ಚುಚ್ಚುತ್ತದೆ.

ಮೇ 2, ಶುಕ್ರವಾರ

ಸಂಜೆ ನಾಲ್ಕಕ್ಕೆ ಡೈರಿ ಕಂಕುಳಲ್ಲಿಟ್ಟುಕೊಂಡು ಮೂರನೇ ಮಹಡಿಗೆ ಹೋದೆ. ಲಿಫ್ಟ್ ಹತ್ತಲಿಲ್ಲ. ಮೆಟ್ಟಿಲಿನಲ್ಲಿ ಹೋದರೆ ತಡವಾಗುತ್ತದೆ.

ಕಾಶವ್ವ ಬಾಗಿಲು ತೆಗೆದರು. "ಬರ್ರಿ ಅಣ್ಣಾರ, ಭಾಳ ದಿನಾತು" ಎಂದು ಒಳಗೆ ಹೋಗಿ ಚಹಾಕ್ಕೆ ಇಟ್ಟರು. ವಿರುಪಾಕ್ಷಪ್ಪ ಬನಿಯನ್ನಿನಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ನಾನು ಏಪ್ರಿಲ್ 5ರ ಪುಟ ತೆರೆದು ಅವರ ಮುಂದಿಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಎರಡು ಸಲ ಓದಿದರು.

"ಮುಚ್ಚಿದ್ದು ನಾನು. ನೀವು ಹೇಳಿದ ಮೇಲೂ ಕಳ್ಳತನದಲ್ಲಿ ನಾಬ್ ಹಾಕಿದ್ದೆ. ಗೊತ್ತಾಗದೆ ಮುಚ್ಚಿದ್ದು" ಎಂದೆ.

ಅವರು ಎದ್ದು, ಗೋಡೆಗೆ ತೂಗುಹಾಕಿದ್ದ ಅಂಗಿಯ ಜೇಬಿಗೆ ಕೈ ಹಾಕಿ ಹಸಿರು ನಾಬನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ನಳಿಕೆಯ ಎರಡು ತುಂಡು ಇನ್ನೂ ಅದಕ್ಕೆ ಅಂಟಿದ್ದವು.

"ಅವತ್ತ ಸಿಕ್ಕಿತ್ರಿ. ಬಂದ್ ಇತ್ತು. ನಾ ತಿರುವಿಲ್ಲ, ಈಗೂ ಬಂದ್ ಅದ ನೋಡ್ರಿ."

"ಮೀಟಿಂಗಲ್ಲಿ ಜೇಬಿನಲ್ಲೇ ಇತ್ತಾ?"

"ಇತ್ತು."

"ಮತ್ತೆ ತೋರಿಸ್ಬಹುದಿತ್ತಲ್ಲ! ಎಲ್ಲರೆದುರು ನನ್ನ ಬಾಯಿ ಮುಚ್ಚಿಸ್ಬಹುದಿತ್ತು!" ನನಗೆ ಸಿಟ್ಟೇ ಬಂತು. ತಪ್ಪು ನನ್ನದು, ಸಿಟ್ಟು ಅವರ ಮೇಲೆ. ಹುಟ್ಟುಗುಣ.

ವಿರುಪಾಕ್ಷಪ್ಪ ಶೇಂಗಾದ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ಅಂಬರನಾಥದಾಗ ಒಂದ್ಸಲ ಹಿಂಗ ಆಗಿತ್ರಿ. ನನ್ನ ಪಾಳಿಯವ ಒಬ್ಬ ವಾಲ್ವ್ ಬಂದ್ ಮಾಡಿ ಮರತ. ಪೈಪ್ ಒಡೀತು. ನನ್ನ ಮ್ಯಾಲೆ ಬಂತು. ನಾ ರಿಜಿಸ್ಟರ್ ತೆಗೆದು ಸಾಹೇಬ್ರ ಮುಂದ ತೋರಿಸ್ದೆ. ನಾ ಗೆದ್ದೆ. ಅವನ್ನ ತಗದ್ರು. ಅವತ್ತಿನಿಂದ ಕ್ಯಾಂಟೀನಿನ್ಯಾಗ ನನ್ನ ಬಾಜೂಕ ಯಾರೂ ಕೂಡಲಿಲ್ಲ. ಹತ್ತೊಂಬತ್ತು ವರ್ಷ ಒಬ್ಬನ ಕೂತು ಡಬ್ಬಿ ಉಂಡೀನ್ರಿ."

ಕಾಶವ್ವ ಚಹಾ ತಂದಿಟ್ಟರು. ವಿರುಪಾಕ್ಷಪ್ಪ ಒಂದು ಗುಟುಕು ಕುಡಿದು ಹೇಳಿದರು, "ಈ ವಯಸ್ಸಿನ್ಯಾಗ ಮತ್ತ ಒಬ್ಬನ ಚಹಾ ಕುಡಿಯೂದು ಬ್ಯಾಡ ಅನಸ್ತು. ಅದಕ್ಕ ಜೇಬಿನ್ಯಾಗ ಬಿಟ್ಟೆ. ಆದ್ರ ನೀವ ಬರೂದ ಬಿಟ್ರಿ."

ನಾನು ಚಹಾ ಕುಡಿದೆ. ಸಕ್ಕರೆ ಅಷ್ಟೇ ಇತ್ತು.

"ಭಾನುವಾರ ಮೀಟಿಂಗ್ ಕರೆಸ್ತೇನೆ" ಎಂದೆ.

"ಬ್ಯಾಡ ಬಿಡ್ರಿ" ಎಂದರು. ಆದರೆ ಬೇಡ ಎನ್ನುವಾಗ ಅವರ ಕಣ್ಣು ನನ್ನ ಸೊಂಟದ ಚಾವಿಯ ಮೇಲಿತ್ತು.

ಮೇ 4, ಭಾನುವಾರ

ಎರಡು ದಿನ ಜಯಲತಾಳ ಎದುರು ಅಭ್ಯಾಸ ಮಾಡಿದೆ. ಹಿಂದಿಯಲ್ಲಿ ಹೇಳಿದರೆ ಸ್ವಲ್ಪ ಹಗುರ ಎಂದುಕೊಂಡಿದ್ದೆ. ಯಾವ ಭಾಷೆಯಲ್ಲೂ ಹಗುರವಿಲ್ಲ.

ಪಾರ್ಕಿಂಗಿನಲ್ಲಿ ಅವೇ ಪ್ಲಾಸ್ಟಿಕ್ ಕುರ್ಚಿಗಳು. ವಿರುಪಾಕ್ಷಪ್ಪ ಬರುವುದಿಲ್ಲ ಎಂದಿದ್ದರು, ಆದರೆ ಕಾಶವ್ವನ ಜೊತೆ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ನಾನು ಹಸಿರು ನಾಬನ್ನು ಎತ್ತಿ ಹಿಡಿದೆ. ಅವರ ಜಾಯಿಂಟ್ ಸರಿಯಿತ್ತು, ಇದನ್ನು ಹಾಕಿದ್ದು ನಾನು, ಮುಚ್ಚಿದ್ದು ನಾನು, ಹದಿಮೂರನೇ ತಾರೀಕು ಇಲ್ಲೇ ನಿಂತು ಅವರ ಮೇಲೆ ಹೊರಿಸಿದ್ದೂ ನಾನು ಎಂದೆ. ಯಾರೋ ಕಿಸಕ್ಕೆಂದರು. ಹೋಟೆಲಿನಲ್ಲಿ ಎಷ್ಟು ವರ್ಷ ಎಂದು ಹೇಳಲು ಮರೆತೇ ಹೋಯಿತು.

ಎಂಟೂವರೆಯ ನೀರಿಗೆ ಬಕೆಟ್ ಹಿಡಿದು ಬಂದಿದ್ದ ಹೆಂಗಸೊಬ್ಬರು "ಮಗ್ ಪಂಪ್?" ಎಂದು ಕೂಗಿದರು. ಪಂಪ್ ಏನಾಗುತ್ತದೆ ಎಂದು. ನನ್ನ ತಪ್ಪೊಪ್ಪಿಗೆಗಿಂತ ಸೊಸೈಟಿಗೆ ನೀರೇ ದೊಡ್ಡದು. ಚಾವಿ ಬಿಚ್ಚಿ ಮೇಜಿನ ಮೇಲಿಟ್ಟೆ. ಗಂಟು ಬಿಗಿದಿತ್ತು, ಬಿಚ್ಚಲು ಸಮಯ ಹಿಡಿಯಿತು, ಅಷ್ಟು ಹೊತ್ತೂ ಎಪ್ಪತ್ತು ಮನೆಯವರು ನನ್ನ ಸೊಂಟ ನೋಡುತ್ತಿದ್ದರು. ಸ್ವಪ್ನಿಲ್ ಅದನ್ನು ಹಿಂದಿನ ಸಾಲಿಗೆ ತೆಗೆದುಕೊಂಡು ಹೋಗಿ ಎರಡೂ ಕೈಯಲ್ಲಿ ಕೊಟ್ಟ. ಹುಡುಗ ಅಷ್ಟೇನೂ ಕೆಟ್ಟವನಲ್ಲ.

ಆಮೇಲೆ ಒಂದು ಠರಾವು ಪಾಸಾಯಿತು: ಯಾರೇ ಮನೆಯಲ್ಲಿ ಗ್ಯಾಸ್ ಬಾಟಲಿ ಕಟ್ಟಿದರೂ ವಿರುಪಾಕ್ಷಪ್ಪನವರು ನೋಡಿ ಒಪ್ಪಬೇಕು. ಇಡೀ ಬಿಲ್ಡಿಂಗಿನಲ್ಲಿ ಅಂಥ ಬಾಟಲಿ ಇರುವುದು ನನ್ನದೊಂದೇ. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.

ಮೇ 5, ಸೋಮವಾರ

ಆರಕ್ಕೆ ಸರಿಯಾಗಿ ನೀರು ಬಂತು.

ಮೇ 10, ಶನಿವಾರ

ಗುರುವಾರ ವಿರುಪಾಕ್ಷಪ್ಪನವರು ಹೊಸ ಬಾಟಲಿ ಕಟ್ಟಿಕೊಟ್ಟರು. ಬಕೆಟ್ಟಿನಲ್ಲಿ ಮುಳುಗಿಸಿ ಊದುವ ಕೆಲಸ ಈ ಸಲ ನನ್ನದು. ಎರಡು ಸಲ ಊದಿದೆ, ಅವರು ಸಾಕು ಎಂದ ಮೇಲೆ ಇನ್ನೊಂದು ಸಲ. ಗಿಡಗಳಲ್ಲಿ ಹೊಸ ಚಿಗುರು. ಹರಿದ ಬಾಲದವನು ಮೂಲೆ ಬಿಟ್ಟು ಬಂದಿದ್ದಾನೆ.

ಇಂದು ಮತ್ತೆ ಕಾಮೋಠೆಗೆ. ಜಯಲತಾ ಲಿಫ್ಟಿನಲ್ಲಿ ಬೊಬ್ಬೆ. ಸಿಲಿಂಡರ್ ಒಂದು. ಒಲೆ ಎರಡು, ಮೂರು. ಅಡುಗೆಮನೆ ನಲ್ಲಿ ನಾಲ್ಕು. ಬಚ್ಚಲು ಐದು.

ಕೈ ಹೋಗಿಯೇ ಹೋಯಿತು ತೊಟ್ಟಿಯ ಹತ್ತಿರ. ನಳಿಕೆ ಹಿಡಿದು ಬೆರಳು ತಡಕಾಡಿತು. ಅಲ್ಲಿ ತಿರುವಲು ಏನೂ ಇರಲಿಲ್ಲ. ಗುಳ್ಳೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು.

ಬೀಗ ಹಾಕಿ, ಚಾವಿ ಕೊಡಲು ಮೂರನೇ ಮಹಡಿಗೆ ಹೋದೆ. ಲೋಟದಲ್ಲಿ ಚಹಾ ಬಗ್ಗಿಸಿ ಇಟ್ಟಿದ್ದರು. ಕುಡಿದೇ ಹೊರಟೆ.